ಕೂತರೆ ಮಣ್ಣು, ಹಾರಿದರೆ ಹಾಲು: ಕೊಳದ ಬಕನ ಕಥೆ

ಮೊನ್ನೆ ಭಾನುವಾರ ಅಕ್ಕನ ಮಗನನ್ನು ಕರೆದುಕೊಂಡು ಮನೆ ಹತ್ತಿರದ ಕೆರೆಗೆ ಹೋಗಿದ್ದೆ. ಕೆರೆ ಅಂದರೆ ಕೆರೆಯೇ ಅನ್ನಿ, ಅರ್ಧ ಜೊಂಡು, ಇನ್ನರ್ಧ ನಮ್ಮೆಲ್ಲರ ಬಚ್ಚಲ ನೀರು. "ಹಕ್ಕಿ ತೋರಿಸ್ತೀನಿ ಬಾರೋ" ಅಂತ ಜಂಬ ಕೊಚ್ಚಿಕೊಂಡು ಹೋಗಿದ್ದವನಿಗೆ ಅರ್ಧ ಗಂಟೆಯಾದರೂ ನಾಲ್ಕು ಕಾಗೆ, ಎರಡು ಹದ್ದು ಬಿಟ್ಟರೆ ಏನೂ ಸಿಗಲಿಲ್ಲ. ಹುಡುಗ ಬೇಜಾರಿನಿಂದ ನೀರಿನ ಅಂಚಿಗೆ ಕಲ್ಲೆಸೆಯಲು ಕೈಯೆತ್ತಿದವನು ಹಾಗೇ ನಿಂತುಬಿಟ್ಟ.

"ಮಾಮಾ, ಆ ಕಲ್ಲಿಗೆ ಕಣ್ಣಿದೆ!"

ನೋಡಿದೆ. ಹತ್ತು ಹೆಜ್ಜೆ ದೂರದಲ್ಲಿ, ಕೆಸರಿನ ಮೇಲೆ, ಕೆಸರಿನದೇ ಬಣ್ಣದ ಒಂದು ಮುದ್ದೆ. ಅದಕ್ಕೊಂದು ಹಳದಿ ಕಣ್ಣು. ನಾನು ಅರ್ಧ ಗಂಟೆಯಿಂದ ಅದರ ಮೇಲೇ ಬೈನಾಕ್ಯುಲರ್ ಆಡಿಸಿದ್ದೆ! ಹುಡುಗ ಒಂದು ಹೆಜ್ಜೆ ಮುಂದಿಟ್ಟಿದ್ದೇ ತಡ, ಆ ಮಣ್ಣಿನ ಮುದ್ದೆ ಒಡೆದು ಒಳಗಿಂದ ಅಚ್ಚ ಬಿಳಿ ಹಕ್ಕಿಯೊಂದು "ಕ್ರಾಕ್" ಅಂತ ಬೈಯುತ್ತಾ ಹಾರಿ ಹೋಯಿತು. ಹುಡುಗ ಹಾರಿದ್ದನ್ನು ನೋಡಲೇ ಇಲ್ಲ. ಅವನು ಇನ್ನೂ ಕೆಸರಲ್ಲೇ ಹುಡುಕುತ್ತಿದ್ದ: "ಕಂದು ಹಕ್ಕಿ ಎಲ್ಲಿ ಹೋಯ್ತು?"

ನಗು ಬಂತು, ಆದರೆ ನಗುವ ಹಕ್ಕು ನನಗಿರಲಿಲ್ಲ. ಯಾಕೆಂದರೆ ಕಾಲೇಜು ಮುಗಿಸುವವರೆಗೂ ನನ್ನ ಲೆಕ್ಕದಲ್ಲೂ ಇವು ಎರಡು ಹಕ್ಕಿಗಳೇ ಆಗಿದ್ದವು. ಗದ್ದೆ ಅಂಚಲ್ಲಿ ಕೂರುವ ಕಂದು ಹಕ್ಕಿ ಒಂದು, ಗದ್ದೆಯಿಂದ ಏಳುವ ಬಿಳಿ ಹಕ್ಕಿ ಇನ್ನೊಂದು. ಎರಡೂ ಒಂದೇ ಅಂತ ತಿಳಿದ ದಿನ ಆದ ಅವಮಾನ ಈಗಲೂ ನೆನಪಿದೆ. ಆಮೇಲೆ ಈ ಹಕ್ಕಿಯ ಬಗ್ಗೆ ಸಿಕ್ಕಿದ್ದನ್ನೆಲ್ಲಾ ಓದುತ್ತಾ ಹೋದೆ. ಓದಿದಷ್ಟೂ ಒಂದು ವಿಷಯ ಸ್ಪಷ್ಟವಾಯಿತು. ಇದನ್ನು ನೋಡಿಯೂ ನೋಡದವರ ಸಾಲಿನಲ್ಲಿ ನಾನೊಬ್ಬನೇ ಇಲ್ಲ, ಎರಡು ಸಾವಿರ ವರ್ಷದ ಕ್ಯೂ ಇದೆ :-)

ಮೊದಲು ಹಕ್ಕಿಯ ಪರಿಚಯ ಮಾಡಿಬಿಡೋಣ. ಪುಸ್ತಕಗಳಲ್ಲಿ ಇದರ ಕನ್ನಡ ಹೆಸರು ಕೊಳದ ಬಕ. ಇಂಗ್ಲಿಷಿನಲ್ಲಿ ಇಂಡಿಯನ್ ಪಾಂಡ್ ಹೆರಾನ್, ವೈಜ್ಞಾನಿಕ ಹೆಸರು ಆರ್ಡಿಯೋಲಾ ಗ್ರೇಯೈ. ಕೊಕ್ಕಿನ ತುದಿಯಿಂದ ಬಾಲದವರೆಗೆ 45 ಸೆಂಟಿಮೀಟರ್ ಆಸುಪಾಸು. ಕುಳ್ಳು, ಗಿಡ್ಡ ಕತ್ತು (ಇದ್ದರೂ ಭುಜದೊಳಗೆ ಹುದುಗಿಸಿಕೊಂಡಿರುತ್ತದೆ), ಗೂನು ಬೆನ್ನು. ತಲೆ, ಕತ್ತು, ಎದೆಯ ಮೇಲೆ ಮಾಸಲು ಹಳದಿ ಮತ್ತು ಕಂದು ಗೀರುಗಳು. ಬೆನ್ನು ಒಣ ಮಣ್ಣಿನ ಬಣ್ಣ. ರೆಕ್ಕೆ, ಬಾಲ, ಹೊಟ್ಟೆ ಮಾತ್ರ ಅಪ್ಪಟ ಬಿಳಿ. ಕೂತಾಗ ಕಂದು ಬೆನ್ನಿನ ಗರಿಗಳು ಮಡಚಿದ ಬಿಳಿ ರೆಕ್ಕೆಯ ಮೇಲೆ ಶಾಲು ಹೊದ್ದ ಹಾಗೆ ಬೀಳುತ್ತವೆ, ಅಷ್ಟೇ ಗುಟ್ಟು. ಹಾರಿದ ತಕ್ಷಣ ಶಾಲು ಸರಿಯುತ್ತದೆ.

ಹಾರುವಾಗ ಇನ್ನೊಂದು ಗಮನಿಸಿ. ಬಕಗಳೂ ಬೆಳ್ಳಕ್ಕಿಗಳೂ ಕತ್ತನ್ನು ಮಡಚಿ, ತಲೆಯನ್ನು ಭುಜಕ್ಕೆ ಒತ್ತಿಕೊಂಡು ಹಾರುತ್ತವೆ. ಸಾರಸ ಮತ್ತು ಕೊಕ್ಕರೆ ಜಾತಿಯವು ಕತ್ತು ಚಾಚಿಕೊಂಡು ಹಾರುತ್ತವೆ. ನಮ್ಮ ಮಾತಿನಲ್ಲಿ ಉದ್ದ ಕಾಲಿನ, ನೀರಲ್ಲಿ ನಿಲ್ಲುವ ಎಲ್ಲವೂ 'ಕೊಕ್ಕರೆ'ಯೇ. ಕೊಕ್ಕರೆ ಬೆಳ್ಳೂರಿಗೆ ಹೆಸರು ತಂದವು ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆಗಳು, ಅವೆರಡರಲ್ಲಿ ಒಂದೂ ಬಕ ಅಲ್ಲ. ಕತ್ತು ನೋಡಿದರೆ ಈ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಸರಿ, ಕಥೆಗೆ ಬರೋಣ.

ಬಕ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ಬಕಧ್ಯಾನ. ಮೋಸಗಾರ ಸನ್ಯಾಸಿ. ಪಂಚತಂತ್ರದ ಆ ಮುದಿ ಬಕ ಯಾರಿಗೆ ಗೊತ್ತಿಲ್ಲ? ಕೆರೆ ಬತ್ತುತ್ತದೆ ಅಂತ ಮೀನುಗಳನ್ನು ನಂಬಿಸಿ, ಒಂದೊಂದನ್ನೇ ಬೇರೆ ಕೊಳಕ್ಕೆ ಸಾಗಿಸುವ ನೆಪದಲ್ಲಿ ತಿಂದು, ಕೊನೆಗೆ ಏಡಿಯ ಕೈಯಲ್ಲಿ ಕತ್ತು ಕತ್ತರಿಸಿಕೊಂಡು ಸಾಯುತ್ತದೆ. ಬೌದ್ಧರ ಜಾತಕ ಕಥೆಗಳಲ್ಲೂ ಇದೇ ಕಥೆ ಬಕ ಜಾತಕ ಅನ್ನುವ ಹೆಸರಿನಲ್ಲಿದೆ, 38ನೆಯದು. ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹ 11ನೆಯ ಶತಮಾನದವನು, ಅಂದರೆ ಬಕನ ಮೇಲಿನ ಈ ಚಾರ್ಜ್‌ಶೀಟಿಗೆ ಕನ್ನಡದಲ್ಲೂ ಹತ್ತಿರಹತ್ತಿರ ಸಾವಿರ ವರ್ಷ ವಯಸ್ಸು. ಭೀಮ ಕೊಂದ ರಾಕ್ಷಸ ಬಕ, ಕೃಷ್ಣ ಕೊಂದ ರಾಕ್ಷಸನೂ ಬಕ. ಪಂಪಾ ಸರೋವರದ ದಡದಲ್ಲಿ ಬಕ ಮೆಲ್ಲನೆ ಹೆಜ್ಜೆಯಿಡುವುದನ್ನು ಕಂಡು ಅದೆಷ್ಟು ಧರ್ಮಾತ್ಮ ಅಂತ ರಾಮ ಹೊಗಳಿದನೆಂದೂ, ಜೊತೆಯಲ್ಲೇ ಇದ್ದ ಮೀನು ಅದರ ನಿಜವನ್ನು ಬಯಲು ಮಾಡಿತೆಂದೂ ಒಂದು ಸುಭಾಷಿತವಿದೆ. ಪಂಪಾ ಅಂದರೆ ನಮ್ಮ ಹಂಪೆಯ ಮಗ್ಗುಲು. ಬಕನ ಪರವಾಗಿ ನಾನು ನೆನಪು ಮಾಡಿಕೊಳ್ಳಬಲ್ಲದ್ದು ಒಂದೇ, ಯಕ್ಷಪ್ರಶ್ನೆ. ಅಲ್ಲಿ ಧರ್ಮರಾಯನನ್ನು ಪರೀಕ್ಷಿಸಲು ಯಮಧರ್ಮ ಮೊದಲು ತೋರಿಸಿಕೊಳ್ಳುವುದು ಬಕನ ರೂಪದಲ್ಲೇ.

ಈ ಕಥೆಗಳ ಬಕ ಇದೇ ಕೊಳದ ಬಕ ಅಂತ ಆಣೆ ಮಾಡಿ ಹೇಳಲಾಗುವುದಿಲ್ಲ. ಸಂಸ್ಕೃತದ ಆ ಒಂದು ಶಬ್ದದೊಳಗೆ ಹಲವು ಹಕ್ಕಿಗಳು ಕೂತಿವೆ. ಆದರೆ ನನ್ನ ಊಹೆಯನ್ನು ಕೇಳಿ. ಬೆಳ್ಳಕ್ಕಿಗಳು ಸಾಮಾನ್ಯವಾಗಿ ನಡೆದಾಡುತ್ತಾ, ದನದ ಹಿಂದೆ ಓಡುತ್ತಾ, ಕಾಲಲ್ಲಿ ಕೆಸರು ಕದಡುತ್ತಾ ಬೇಟೆಯಾಡುತ್ತವೆ. ಸಣ್ಣ ಕೊಳದ ಅಂಚಿನಲ್ಲಿ, ಕತ್ತು ಒಳಗೆಳೆದುಕೊಂಡು, ಅರ್ಧ ಗಂಟೆ ಅಲುಗದೆ ಜಪಕ್ಕೆ ಕೂರುವುದು ಈತನೇ. ಏಡಿಯ ವಿಷಯ ಇನ್ನೂ ಮಜಾ. ಕೊಳದ ಬಕ ಮೀನು, ಕಪ್ಪೆ, ಹುಳುಗಳ ಜೊತೆಗೆ ಏಡಿಗಳನ್ನೂ ತಿನ್ನುತ್ತದೆ. ಫ್ರೆಂಚರು ಈ ಗುಂಪಿನ ಬಕಗಳಿಗೆ ಇಟ್ಟಿರುವ ಹೆಸರೇ 'ಕ್ರಾಬಿಯೆ', ಅಂದರೆ ಏಡಿಬಾಕ. ಪಂಚತಂತ್ರ ಬರೆದವನೂ ಅದನ್ನು ಕಂಡಿದ್ದನೇನೋ! ದಿನಾ ತುತ್ತಾಗುವ ಏಡಿಯ ಕೈಗೇ ಕತ್ತರಿ ಕೊಟ್ಟು ಲೆಕ್ಕ ಚುಕ್ತಾ ಮಾಡಿಸಿದ್ದಾನೆ. ಅಂದರೆ ನಮ್ಮ ಹಿರಿಯರು ಹಕ್ಕಿಯನ್ನು ಸರಿಯಾಗಿಯೇ ನೋಡಿದ್ದರು, ತೀರ್ಪು ಕೊಡುವಾಗ ಮಾತ್ರ ಸ್ವಲ್ಪ ಅವಸರ ಮಾಡಿದರು. ಅಲುಗಾಡಿದರೆ ನೀರು ಅಲುಗುತ್ತದೆ, ನೀರು ಅಲುಗಿದರೆ ಮೀನು ಓಡುತ್ತದೆ. ಇದರಲ್ಲಿ ಸೋಗು ಎಲ್ಲಿಂದ ಬಂತು? ಗಾಳ ಹಾಕಿ ಕೂತ ಮನುಷ್ಯನಿಗೆ ತಾಳ್ಮೆಯವನು ಅಂತ ಹೊಗಳಿಕೆ, ಬಕನಿಗೆ ಕಪಟಿ ಅಂತ ಬಿರುದು.

ಹಕ್ಕಿ ಇತಿಹಾಸದಲ್ಲಿ ಎತ್ತರದ್ದಕ್ಕೇ ಮರ್ಯಾದೆ ಅನ್ನುವುದು ನನ್ನ ಹಳೆಯ ತಕರಾರು. ಜಹಾಂಗೀರ್ ಬಾದಶಹ ಸಾಕಿದ ಸಾರಸ ಜೋಡಿಗೆ ಲೈಲಾ ಮಜ್ನು ಅಂತ ಹೆಸರಿಟ್ಟು, ಅವು ಮೊಟ್ಟೆಯಿಟ್ಟು ಕಾವು ಕೊಟ್ಟದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆಸಿದ್ದಾನೆ. ವಾಲ್ಮೀಕಿಯ ಕ್ರೌಂಚ ಯಾವ ಹಕ್ಕಿ ಅಂತ ವಿದ್ವಾಂಸರು ಜಗಳವಾಡಿದ್ದಾರೆ, 1998ರಲ್ಲಿ ಜೂಲಿಯಾ ಲೆಸ್ಲಿ ಅನ್ನುವವರು ಉದ್ದ ಪ್ರಬಂಧ ಬರೆದು ಅದು ಸಾರಸವೇ ಅಂತ ವಾದಿಸಿದರು. ಗದ್ದೆ ಅಂಚಿನ ಕುಳ್ಳನಿಗೆ ಯಾರೂ ಜಗಳವಾಡಲಿಲ್ಲ.

ಕೊನೆಗೆ ಇದನ್ನು ಪುಸ್ತಕಕ್ಕೆ ಹತ್ತಿಸಿದವನು ಒಬ್ಬ ಲೆಕ್ಕದ ಮನುಷ್ಯ. ವಿಲಿಯಂ ಹೆನ್ರಿ ಸೈಕ್ಸ್, ಹುಟ್ಟಿದ್ದು 1790ರಲ್ಲಿ. ಹುಡುಗನಾಗಿದ್ದಾಗಲೇ ಈಸ್ಟ್ ಇಂಡಿಯಾ ಕಂಪನಿಯ ಬೊಂಬಾಯಿ ಸೈನ್ಯ ಸೇರಿದ. ಪೇಶ್ವೆಗಳ ರಾಜ್ಯ ಕಂಪನಿಯ ಕೈಗೆ ಬಂದ ಮೇಲೆ, ಹೊಸದಾಗಿ ಸಿಕ್ಕಿದ ನಾಡಿನಲ್ಲಿ ಏನೇನಿದೆ ಅಂತ ಲೆಕ್ಕ ಬೇಕಾಯಿತು. 1824ರಲ್ಲಿ ಗವರ್ನರ್ ಎಲ್ಫಿನ್‌ಸ್ಟನ್ ಈತನನ್ನು ಅಂಕಿಅಂಶ ಸಂಗ್ರಹಿಸುವ ಅಧಿಕಾರಿಯಾಗಿ ನೇಮಿಸಿದ. ಪುಣೆ, ಅಹಮದ್‌ನಗರ, ಖಾನ್‌ದೇಶ ಮತ್ತು ನಮ್ಮ ಧಾರವಾಡ, ಈ ನಾಲ್ಕು ಕಲೆಕ್ಟರೇಟುಗಳು ಅವನ ಲೆಕ್ಕದ ಪುಸ್ತಕಕ್ಕೆ ಸೇರಿದವು. ಜನ ಎಷ್ಟು, ಎತ್ತು ಎಷ್ಟು, ಬೆಳೆ ಯಾವುದು, ಕೂಲಿ ಎಷ್ಟು, ಮಳೆ ಎಷ್ಟು ಅಂತ ಬರೆದುಕೊಳ್ಳುತ್ತಲೇ ದಾರಿಯಲ್ಲಿ ಸಿಕ್ಕ ಹಕ್ಕಿ, ಮೀನು, ಪ್ರಾಣಿಗಳನ್ನೂ ಬರೆದುಕೊಂಡ. ಕಾಡುನಾಯಿಗೆ, ಅದೇ ನಮ್ಮ ಸೀಳುನಾಯಿಗೆ, 'ದುಖುನೆನ್ಸಿಸ್' ಅಂದರೆ ದಖ್ಖನ್ನಿನದ್ದು ಅಂತ ಹೆಸರಿಟ್ಟವನೂ ಇವನೇ.

1831ರಲ್ಲಿ ಇಂಗ್ಲೆಂಡಿಗೆ ಮರಳಿದ ಸೈಕ್ಸ್, ಮರುವರ್ಷ ಲಂಡನ್ನಿನ ಜುವಲಾಜಿಕಲ್ ಸೊಸೈಟಿಯ ಮುಂದೆ ದಖ್ಖನ್ ಹಕ್ಕಿಗಳ ಪಟ್ಟಿಯನ್ನಿಟ್ಟ. 236ರಷ್ಟು ಜಾತಿಗಳು. ಅದರಲ್ಲಿ ಐವತ್ತಕ್ಕೂ ಹೆಚ್ಚು ವಿಜ್ಞಾನಕ್ಕೆ ಹೊಸವು ಅಂತ ಹೊಸ ಹೆಸರು ಪಡೆದವು. ನಮ್ಮ ಕೊಳದ ಬಕ ಅವುಗಳಲ್ಲೊಂದು, ಆಗಿನ ಹೆಸರು ಆರ್ಡಿಯಾ ಗ್ರೇಯೈ. ಯೋಚಿಸಿ ನೋಡಿ, ಈ ದೇಶದ ಪ್ರತಿ ಗದ್ದೆಯಲ್ಲೂ ಕೂತಿದ್ದ ಹಕ್ಕಿ 1832ರವರೆಗೆ 'ಪತ್ತೆ'ಯಾಗಿರಲಿಲ್ಲವಂತೆ! ಯೂರೋಪಿನ ಹಡಗುಗಳು ನಮ್ಮ ಕರಾವಳಿಗೆ ಬಂದು ಮುನ್ನೂರು ವರ್ಷ ದಾಟಿತ್ತು. ಪತ್ತೆ ಅನ್ನುವ ಪದವನ್ನು ಕೊಂಚ ಉಪ್ಪು ಹಾಕಿಕೊಂಡೇ ಓದಬೇಕು ಅನ್ನಿ.

ಹೆಸರಲ್ಲಿರುವ ಗ್ರೇ ಯಾರು? ನಾನು ಮೊದಲು 'ಗ್ರೇ' ಅಂದರೆ ಬೂದು ಬಣ್ಣ ಅಂದುಕೊಂಡು, ಈ ಹಕ್ಕಿಯಲ್ಲಿ ಬೂದು ಎಲ್ಲಿದೆ ಅಂತ ಬಹಳ ದಿನ ಹುಡುಕಿದ್ದೆ. ಅದು ಜಾನ್ ಎಡ್ವರ್ಡ್ ಗ್ರೇ ಅನ್ನುವ ಬ್ರಿಟಿಷ್ ಮ್ಯೂಸಿಯಮ್ಮಿನ ಪ್ರಾಣಿಶಾಸ್ತ್ರಜ್ಞ. ಜನರಲ್ ಹಾರ್ಡ್‌ವಿಕ್ ಭಾರತದಲ್ಲಿ ಬರೆಸಿದ್ದ ಚಿತ್ರಗಳನ್ನು 1830ರ ದಶಕದಲ್ಲಿ ಪುಸ್ತಕವಾಗಿ ತಂದವನು. ಬಕನಿಗೂ ಅವನಿಗೂ ಇರುವ ಸಂಬಂಧ ಅಷ್ಟೇ. (ಈ ಗ್ರೇ 1840ರ ಮೇ 1ರಂದು, ಜಗತ್ತಿನ ಮೊದಲ ಅಂಚೆಚೀಟಿ ಪೆನ್ನಿ ಬ್ಲ್ಯಾಕ್ ಮಾರಾಟಕ್ಕೆ ಬಂದ ದಿನವೇ ಕೆಲವನ್ನು ಕೊಂಡು ತೆಗೆದಿಟ್ಟನಂತೆ. ಹಾಗಾಗಿ ಜಗತ್ತಿನ ಮೊದಲ ಸ್ಟಾಂಪ್ ಸಂಗ್ರಾಹಕ ಇವನೇ ಅಂತ ಹೇಳುವವರಿದ್ದಾರೆ. ಸ್ಟಾಂಪ್ ಕೂಡಿಡುವ ಗೆಳೆಯರು ಮುಂದಿನ ಸಲ ಕೊಳದ ಬಕ ಕಂಡರೆ ಒಂದು ನಮಸ್ಕಾರ ಹಾಕಿ.)

ಆ ಕಾಲದಲ್ಲಿ ಹಕ್ಕಿ ಗುರುತಿಸುವುದು ಅಂದರೆ ಏನು ಅನ್ನುವುದನ್ನು ಸ್ವಲ್ಪ ವಿವರಿಸಬೇಕು. ಬಂದೂಕು ಎತ್ತು, ಹೊಡೆ, ಚರ್ಮ ಸುಲಿ, ಹತ್ತಿ ತುಂಬು, ಕಾಲಿಗೆ ಚೀಟಿ ಕಟ್ಟು. ಆಮೇಲೆ ಕೊಕ್ಕು ಎಷ್ಟು ಅಂಗುಲ, ರೆಕ್ಕೆ ಎಷ್ಟು ಅಂಗುಲ ಅಂತ ಅಳೆ. ಅನುಮಾನ ಬಂದರೆ ಇನ್ನೆರಡು ಹೊಡೆ. ಮ್ಯೂಸಿಯಮ್ಮಿನ ಕಪಾಟಿನಲ್ಲಿ ಬಕ ಬೆನ್ನ ಮೇಲೆ ಮಲಗಿರುತ್ತದೆ, ರೆಕ್ಕೆ ಮುಚ್ಚಿಕೊಂಡು. ಹಳದಿ ಕಣ್ಣಿನ ಜಾಗದಲ್ಲಿ ಹತ್ತಿ. ಕಾಲಿನ ಬಣ್ಣ ಮಾಸಿರುತ್ತದೆ. ಕೆಸರಿನಲ್ಲಿ ಕರಗುವುದು, ಹಾರಿದಾಗ ಬಿಳಿಯಾಗಿ ಸಿಡಿಯುವುದು, "ಕ್ರಾಕ್" ಅನ್ನುವುದು, ಅಂದರೆ ನೀವು ನಾನು ಇದನ್ನು ಗುರುತಿಸುವ ಯಾವ ಲಕ್ಷಣವೂ ಆ ಚರ್ಮದಲ್ಲಿ ಸುಲಭಕ್ಕೆ ಕಾಣುವುದಿಲ್ಲ. ಆ ಶತಮಾನದ ದೊಡ್ಡ ಸಂಗ್ರಾಹಕ ಎ. ಓ. ಹ್ಯೂಮ್, ಅದೇ ಕಾಂಗ್ರೆಸ್ ಸ್ಥಾಪಕ ಹ್ಯೂಮ್, 1885ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟ ಚರ್ಮಗಳ ಸಂಖ್ಯೆ ಸುಮಾರು 82 ಸಾವಿರ.

ಮದ್ರಾಸ್ ಕಡೆಯ ಸರ್ಜನ್ ಜೆರ್ಡನ್ ಮಾತ್ರ ಕೊಂಚ ಭಿನ್ನ. 1862ರಿಂದ 64ರವರೆಗೆ ಬಂದ ಅವನ 'ಬರ್ಡ್ಸ್ ಆಫ್ ಇಂಡಿಯಾ' ಪುಸ್ತಕದಲ್ಲಿ ಹಕ್ಕಿಗಳ ನಡವಳಿಕೆಯೂ ಇದೆ, ಊರವರು ಕರೆಯುವ ಹೆಸರುಗಳೂ ಇವೆ. ಆ ಕಾಲದ ಪುಸ್ತಕಗಳಲ್ಲಿ ಕೊಳದ ಬಕನಿಗೆ 'ಲ್ಯೂಕಾಪ್ಟೆರಾ' ಅನ್ನುವ ಹೆಸರೂ ಓಡಾಡುತ್ತಿತ್ತು. ಹಾಗಂದರೆ ಬಿಳಿ ರೆಕ್ಕೆಯದು. ಎಷ್ಟು ಒಳ್ಳೆಯ ಹೆಸರು! ನಿಲ್ಲಲಿಲ್ಲ. ಸ್ಟಾಂಪ್ ಸಾಹೇಬರೇ ಗೆದ್ದರು.

ಊರವರ ಹೆಸರುಗಳು ಅಂದೆನಲ್ಲ, ಇಲ್ಲಿದೆ ನೋಡಿ ನನಗೆ ತುಂಬಾ ಇಷ್ಟವಾದ ಭಾಗ. ಹಿಂದಿಯಲ್ಲಿ ಇದು ಅಂಧಾ ಬಗ್ಲಾ. ತೆಲುಗಿನಲ್ಲಿ ಗುಡ್ಡಿ ಕೊಂಗ. ತಮಿಳಿನಲ್ಲಿ ಕುರುಟ್ಟು ಕೊಕ್ಕು. ಸಮುದ್ರ ದಾಟಿ ಶ್ರೀಲಂಕೆಗೆ ಹೋದರೆ ಸಿಂಹಳದಲ್ಲಿ ಕಣ ಕೊಕಾ. ಎಲ್ಲದರ ಅರ್ಥವೂ ಒಂದೇ, ಕುರುಡು ಬಕ. ಯಾಕೆ? ಮನುಷ್ಯ ತೀರಾ ಹತ್ತಿರ ಬರುವವರೆಗೂ ಇದು ಏಳುವುದಿಲ್ಲ. ಪಾಪ, ಕಣ್ಣು ಕಾಣಿಸದು ಅಂತ ಒಬ್ಬರನ್ನೊಬ್ಬರು ಕೇಳದೆಯೇ ಇಷ್ಟು ಭಾಷೆಯ ಜನ ತೀರ್ಮಾನ ಮಾಡಿಬಿಟ್ಟರು. ನೀರೊಳಗಿನ ಬೆರಳುದ್ದದ ಮೀನನ್ನು ಗುರಿ ತಪ್ಪದೆ ಹಿಡಿಯುವ ಹಕ್ಕಿಗೆ ಕುರುಡಂತೆ! ಅದು ನಮ್ಮನ್ನು ಇಪ್ಪತ್ತು ಮಾರು ದೂರದಿಂದಲೇ ನೋಡಿರುತ್ತದೆ, ಅಲುಗದಿದ್ದರೆ ಇವನಿಗೆ ಕಾಣುವುದಿಲ್ಲ ಅಂತ ನಮ್ಮ ಬಗ್ಗೆ ಲೆಕ್ಕ ಹಾಕಿ ಕೂತಿರುತ್ತದೆ. ಅದರ ಲೆಕ್ಕ ಹೆಚ್ಚಿನ ಸಲ ಸರಿಯೇ.

ಬ್ರಿಟಿಷರು ಇಟ್ಟ ಆಡುಹೆಸರು 'ಪ್ಯಾಡಿ ಬರ್ಡ್', ಭತ್ತದ ಹಕ್ಕಿ. ಯೂಲ್ ಮತ್ತು ಬರ್ನೆಲ್ ಅವರ 1886ರ 'ಹಾಬ್ಸನ್ ಜಾಬ್ಸನ್' ನಿಘಂಟಿನಲ್ಲಿ ಈ ಹೆಸರಿಗೆ ಪ್ರತ್ಯೇಕ ಜಾಗವಿದೆ. ಅದೇ ನಿಘಂಟಿನಲ್ಲಿ ಪ್ಯಾಡಿ ಪದದ ಮೂಲ ಹುಡುಕುತ್ತಾ, ಮಲಯ ಭಾಷೆಯ 'ಪಾದಿ' ಜೊತೆಗೆ ನಮ್ಮ ಕನ್ನಡದ 'ಬತ್ತ'ವನ್ನೂ ತರುತ್ತಾರೆ. ಪಶ್ಚಿಮ ಕರಾವಳಿಯ ಇಂಗ್ಲಿಷರು 'ಬ್ಯಾಟಿ' ಅನ್ನುತ್ತಿದ್ದರಂತೆ, ಅದು ಪ್ಯಾಡಿ ಬೇರೂರಲು ಸಹಾಯ ಮಾಡಿರಬಹುದಂತೆ. ಹಾಗಾದರೆ ಬಕನ ಇಂಗ್ಲಿಷ್ ಹೆಸರಿನಲ್ಲೂ ಒಂದು ಹಿಡಿ ಕನ್ನಡದ ಬತ್ತ ಉಂಟು ಅಂತ ನಾನು ಹೆಮ್ಮೆಪಡುತ್ತೇನೆ. ಭಾಷಾಶಾಸ್ತ್ರಜ್ಞರು ಕ್ಷಮಿಸಬೇಕು.

ಬಂದೂಕು ಕೆಳಗಿಟ್ಟು ಸುಮ್ಮನೆ ನೋಡುವ ಕಾಲ ನಿಧಾನಕ್ಕೆ ಬಂತು. ಅದರಲ್ಲಿ ಉತ್ತರ ಕನ್ನಡಕ್ಕೂ ಒಂದು ಪಾಲಿದೆ. 'ಇಹಾ' ಅನ್ನುವ ಹೆಸರಲ್ಲಿ ಬರೆಯುತ್ತಿದ್ದ ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕನ್ ಬೊಂಬಾಯಿ ಸರಕಾರದ ಸುಂಕ ಮತ್ತು ಉಪ್ಪಿನ ಇಲಾಖೆಯ ನೌಕರ, ಕಾರವಾರದ ಕಡೆಯೂ ಕೆಲಸ ಮಾಡಿದವನು. 1883ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕಟ್ಟಿದವರಲ್ಲಿ ಒಬ್ಬ. ಮನೆಯ ಇಲಿ, ಹಿತ್ತಿಲ ಕಪ್ಪೆ, ವರಾಂಡದ ಗುಬ್ಬಿಗಳ ಬಗ್ಗೆ ನಗುನಗುತ್ತಾ ಬರೆದ. 1900ರಲ್ಲಿ ಬಂದ ಅವನ ಪುಸ್ತಕದ ಹೆಸರೇ 'ದಿ ಕಾಮನ್ ಬರ್ಡ್ಸ್ ಆಫ್ ಬಾಂಬೆ'. ಕಾಮನ್! ಅಪರೂಪದ್ದಲ್ಲ, ದಿನಾ ಕಾಣುವ ಹಕ್ಕಿಗಳಿಗೇ ಒಂದು ಪುಸ್ತಕ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಅದೇ ಹೊತ್ತಿಗೆ ಅತ್ತ ಯೂರೋಪಿನ ಹೆಂಗಸರ ಟೋಪಿಗಳಿಗೆ ಬೆಳ್ಳಕ್ಕಿಗಳ ಬಾಣಂತಿ ಗರಿಗಳು ಹಡಗುಗಟ್ಟಲೆ ಹೋಗುತ್ತಿದ್ದವು. 1902ರಲ್ಲಿ ಭಾರತ ಸರಕಾರ ಗರಿಗಳ ರಫ್ತನ್ನು ನಿಷೇಧಿಸಿತು, ಬ್ರಿಟನ್ ತನ್ನ ಆಮದು ನಿಲ್ಲಿಸಲು 1921ರ ಕಾಯ್ದೆಯವರೆಗೆ ಕಾಯಿತು. ಅದು ಬೇರೆಯದೇ ದೊಡ್ಡ ಕಥೆ, ಇನ್ನೊಮ್ಮೆ ಬರೆಯುತ್ತೇನೆ.

ಆಮೇಲೆ ಸಲೀಂ ಅಲಿ. 1941ರ 'ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್'. ಈ ಪುಸ್ತಕದಲ್ಲಿ ನನಗೆ ಬಹಳ ಹಿಡಿಸಿದ್ದು ಅಳತೆಯ ಕ್ರಮ. ಹಕ್ಕಿ ಎಷ್ಟು ದೊಡ್ಡದು ಅಂತ ಹೇಳಲು ಅವರು ಸ್ಕೇಲು ಹಿಡಿಯಲಿಲ್ಲ. ಗುಬ್ಬಿಗಿಂತ ದೊಡ್ಡದು, ಮೈನಾದಷ್ಟು, ಪಾರಿವಾಳದಷ್ಟು, ಕಾಗೆಯಷ್ಟು, ಹದ್ದಿನಷ್ಟು, ಊರ ಕೋಳಿಯಷ್ಟು ಅಂದರು. ಸತ್ತ ಹಕ್ಕಿಯನ್ನು ಕೈಯಲ್ಲಿ ಹಿಡಿಯದವನಿಗೂ ಇದು ಸಾಕು. ಕೊಳದ ಬಕ ಎಷ್ಟಿದೆ? ಹಿತ್ತಿಲ ಕೋಳಿ ನೋಡು, ಸರಿಸುಮಾರು ಅಷ್ಟು. ಮುಗಿಯಿತು! ಸೈಕ್ಸನ ಅಂಗುಲಗಳಿಂದ ಹಿತ್ತಿಲ ಕೋಳಿಗೆ ಬರಲು ನೂರಾ ಒಂಬತ್ತು ವರ್ಷ ಬೇಕಾಯಿತು. ಆ ಪುಸ್ತಕಕ್ಕೆ ಸ್ವಲ್ಪ ಮೊದಲು, 1939-40ರಲ್ಲಿ, ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಿದ್ದರು. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುಗಡ್ಡೆಗಳಲ್ಲಿ ಗೂಡು ಕಟ್ಟುತ್ತಿದ್ದ ನೀರುಹಕ್ಕಿಗಳನ್ನು ನೋಡಿ, ಇದನ್ನು ಕಾಪಾಡಿ ಅಂತ ಮಹಾರಾಜರ ಸರಕಾರಕ್ಕೆ ಹೇಳಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾದದ್ದು ಹಾಗೆ. ಇನ್ನು ಕನ್ನಡದ ಓದುಗರಲ್ಲಿ ಎಷ್ಟೋ ಜನರನ್ನು ಹಕ್ಕಿಯ ಹುಚ್ಚಿಗೆ ಹಚ್ಚಿದ್ದು ತೇಜಸ್ವಿಯವರ 'ಹಕ್ಕಿ ಪುಕ್ಕ', ಅದನ್ನು ನಿಮಗೆ ಹೇಳಬೇಕಾಗಿಲ್ಲ.

ಈಗ, ನೀವು ನೋಡಬೇಕೆಂದರೆ ಹೇಗೆ? ಹಕ್ಕಿ ಹುಡುಕಬೇಡಿ, ನೀರಿನ ಅಂಚು ಹುಡುಕಿ. ಮೊಳಕಾಲುದ್ದಕ್ಕಿಂತ ಕಡಿಮೆ ನೀರು, ಕೆಸರು, ಜೊಂಡು. ಗದ್ದೆ ಬದು, ಚರಂಡಿ, ಕಟ್ಟಡದ ಪಾಯಕ್ಕೆ ತೋಡಿ ಬಿಟ್ಟ ಗುಂಡಿ, ಯಾವುದಾದರೂ ಆದೀತು. ಆ ಅಂಚಿನ ಮೇಲೆ ನಿಧಾನವಾಗಿ ಕಣ್ಣಾಡಿಸುತ್ತಾ, ಮಣ್ಣಿನ ಹೆಂಟೆಯಂತೆ ಕಂಡದ್ದರಲ್ಲಿ ಕೊಕ್ಕು ಹುಡುಕಿ. ಕೊಕ್ಕು ಚೂರಿಯ ಹಾಗೆ ನೇರ, ಹಳದಿ, ತುದಿ ಕಪ್ಪು. ಕಾಣದಿದ್ದರೆ ಎರಡು ಹೆಜ್ಜೆ ಮುಂದೆ ಹೋಗಿ, ತಾನಾಗಿ ಹಾರುತ್ತದೆ. ಹಾರಿದ್ದು ಎಲ್ಲಿ ಇಳಿಯಿತು ಅಂತ ನೋಡಿ, ಇಳಿದ ಕ್ಷಣ ರೆಕ್ಕೆ ಮಡಚುವುದನ್ನು ನೋಡಿ. ಬಿಳಿ ಆರಿ ಹೋಗುವ ಆ ಅರೆಗಳಿಗೆಯನ್ನು ಒಮ್ಮೆ ಕಂಡವರಿಗೆ ಮತ್ತೆ ಎರಡು ಹಕ್ಕಿ ಅಂತ ಗೊಂದಲವಾಗದು.

ಮಳೆಗಾಲಕ್ಕೆ ಮಾತ್ರ ವೇಷವೇ ಬದಲು. ಬೆನ್ನ ಮೇಲೆ ಕೂದಲಿನಂಥ ಕಡುಗೆಂಪು ಗರಿಗಳು ಬರುತ್ತವೆ, ಒಣಗಿದ ರಕ್ತಚಂದನದ ಬಣ್ಣ. ತಲೆ ಕತ್ತಿನ ಗೀರುಗಳು ಹೋಗಿ ನಸುಹಳದಿಯಾಗುತ್ತದೆ, ತಲೆಯ ಹಿಂದೆ ಒಂದೆರಡು ಬಿಳಿ ಜುಟ್ಟಿನ ಎಳೆ, ಕೊಕ್ಕಿನ ಬುಡಕ್ಕೆ ನೀಲಿ. ಕೆಲವಕ್ಕೆ ಕೊಂಚ ದಿನ ಕಾಲೂ ಕೆಂಪಾಗುತ್ತದೆ. ಆಗ ಊರ ನಡುವಿನ ಹುಣಸೆ, ಮಾವು, ಆಲದ ಮರಗಳಲ್ಲೇ ಗುಂಪಾಗಿ ಗೂಡು ಕಟ್ಟುತ್ತವೆ. ಗೂಡು ಅಂದರೆ ಕಡ್ಡಿಗಳ ಒಂದು ಬೇಕಾಬಿಟ್ಟಿ ತಟ್ಟೆ, ಅದರಲ್ಲಿ ತಿಳಿ ನೀಲಿ-ಹಸಿರಿನ ಮೂರರಿಂದ ಐದು ಮೊಟ್ಟೆ. ಕೆಳಗೆ ಬೈಕು ನಿಲ್ಲಿಸಿದವರಿಗೆ ಮೇಲೆ ಯಾರಿದ್ದಾರೆ ಅಂತ ಬೇಗ ಗೊತ್ತಾಗುತ್ತದೆ. ಇದೇ ಕಾರಣಕ್ಕೆ ಮರದ ಕೊಂಬೆ ಕಡಿಸುವವರೂ ಇದ್ದಾರೆ, ಮರಿಗಳ ಸಮೇತ. ನಮ್ಮ ರಸ್ತೆಯಲ್ಲೇ ಒಂದು ವರ್ಷ ಹಾಗಾಯಿತು. ರೆಕ್ಕೆ ಬಲಿಯದ ಮರಿಗಳು ಡಾಂಬರಿನ ಮೇಲೆ ಬಿದ್ದಿದ್ದವು. ಆ ಮರದ ಹತ್ತಿರ ಹೋದಾಗೆಲ್ಲ ನನಗೆ ಪಂಚತಂತ್ರದ ಏಡಿಯೇ ನೆನಪಾಗುವುದು, ಆದರೆ ಕತ್ತರಿ ಹಿಡಿದ ಕೈ ಬೇರೆ.

ಮೋಸ ಹೋಗಬಹುದಾದ ಬೇರೆ ಹಕ್ಕಿಗಳೂ ಇವೆ. ಇರುಳು ಬಕನ ಮರಿ ಕಂದಾಗಿಯೇ ಇರುತ್ತದೆ, ಆದರೆ ಮೈಮೇಲೆ ಗೀರಿಗಿಂತ ಬಿಳಿ ಚುಕ್ಕಿಗಳು ಹೆಚ್ಚು, ಹಾರಿದಾಗ ರೆಕ್ಕೆ ಕಂದು. ಅಲ್ಲಿಗೆ ಸಮಸ್ಯೆ ಮುಗಿಯಿತು. ಗೆರೆ ಬಕ ಬೂದು-ಹಸಿರು, ಅದರ ರೆಕ್ಕೆಯೂ ಬಿಳಿಯಲ್ಲ. ನಿಜವಾದ ತಲೆನೋವು ಚೀನಾ ಕೊಳದ ಬಕ. ಈಶಾನ್ಯ ರಾಜ್ಯಗಳಲ್ಲಿ, ಅಂಡಮಾನಿನಲ್ಲಿ ಅದು ಬರುತ್ತದೆ. ಮಳೆಗಾಲದ ವೇಷದಲ್ಲಿ ಅದರ ತಲೆ ಕತ್ತು ಕಡುಗೆಂಪಾಗಿ ಬೆನ್ನು ಕಪ್ಪಾಗುತ್ತದೆ, ಸುಲಭ. ಉಳಿದ ಕಾಲದಲ್ಲಿ ಎರಡನ್ನೂ ಅಕ್ಕಪಕ್ಕ ಕೂರಿಸಿದರೂ ಪಳಗಿದವರೇ ಕೈ ಚೆಲ್ಲುತ್ತಾರೆ. ಹಾಗಾಗಿ ಸೈಕ್ಸ್ ಹೆಸರಿಟ್ಟು ಇನ್ನೂರು ವರ್ಷ ಹತ್ತಿರವಾದರೂ ಈ ಹಕ್ಕಿಯನ್ನು ಗುರುತಿಸುವ ಕೆಲಸ ಪೂರ್ತಿ ಮುಗಿದಿಲ್ಲ.

ಬೆಂಗಳೂರಿನವರು ಒಂದು ಕೆಲಸ ಮಾಡಿ. ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವಾಗ ಅದು ಧರ್ಮಾಂಬುಧಿ ಕೆರೆ ಅಂತ ನೆನಪು ಮಾಡಿಕೊಳ್ಳಿ. ಕಂಠೀರವ ಸ್ಟೇಡಿಯಮ್ಮಿನ ಜಾಗ ಸಂಪಂಗಿ ಕೆರೆಯದು. ಕೋರಮಂಗಲದ ಕ್ರೀಡಾಗ್ರಾಮ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಎದ್ದದ್ದೂ ಕೆರೆಯಂಗಳದಲ್ಲೇ. ಆ ಅಂಚುಗಳಲ್ಲೆಲ್ಲ ಬಕ ಕೂತಿದ್ದೇ ಇರಬೇಕು, ಅಂಚಿದ್ದ ಮೇಲೆ ಅದಿರದೆ ಹೇಗೆ? ಆದರೆ ಎಷ್ಟಿದ್ದವು ಅಂತ ಯಾರೂ ಬರೆದಿಡಲಿಲ್ಲ. ಕಾಮನ್ ಹಕ್ಕಿ, ಬರೆಯುವುದೇನು? ಜನವರಿಯಲ್ಲಿ ಕೆರೆಗೆ ಹೋಗಿ ನೀರುಹಕ್ಕಿಗಳನ್ನು ಎಣಿಸುವ ಏಷ್ಯನ್ ವಾಟರ್‌ಬರ್ಡ್ ಸೆನ್ಸಸ್ ಶುರುವಾದದ್ದು 1987ರಲ್ಲಿ. ಅಷ್ಟು ಹೊತ್ತಿಗೆ ಧರ್ಮಾಂಬುಧಿಯಲ್ಲಿ ಬಸ್ಸುಗಳು ನಿಂತಾಗಿತ್ತು. ಕೊಳಕು ನೀರಲ್ಲೂ ಬದುಕುವ ಗಟ್ಟಿ ಜೀವ ಇದು, ಸದ್ಯಕ್ಕೆ ಎಲ್ಲೆಡೆಯೂ ಇದೆ. ಆದರೆ ಅಂಚಿಗೆ ಕಲ್ಲು ಕಟ್ಟಿ, ಗೋಡೆಯೆಬ್ಬಿಸಿ, ನೀರನ್ನು ಬಟ್ಟಲಲ್ಲಿ ಹೊಯ್ದಂತೆ ನಿಲ್ಲಿಸಿದ 'ಅಭಿವೃದ್ಧಿಯಾದ' ಕೆರೆಗಳಲ್ಲಿ ಗಮನಿಸಿ. ಮೊಳಕಾಲುದ್ದದ ನೀರೇ ಇರುವುದಿಲ್ಲ. ಬಕ ನಿಲ್ಲುವುದೆಲ್ಲಿ?

ನಮ್ಮ ಕೆರೆಗೆ ಇನ್ನೂ ಅಭಿವೃದ್ಧಿ ಬಂದಿಲ್ಲ. ಅವತ್ತು ಬಿಸಿಲೇರುವವರೆಗೂ ಅಲ್ಲೇ ಇದ್ದೆವು. ಹುಡುಗನಿಗೆ ಆಟ ಸಿಕ್ಕಿಬಿಟ್ಟಿತ್ತು, ಹೆಂಟೆಗಳನ್ನು ಒಂದೊಂದಾಗಿ ನೋಡುತ್ತಾ ಕಣ್ಣು ಹುಡುಕುತ್ತಿದ್ದ. ಕೊನೆಗೆ ಲೆಕ್ಕ ಹಾಕಿದೆವು. ನನ್ನ ಲೆಕ್ಕಕ್ಕೆ ಹನ್ನೊಂದು ಬಕ. ಅವನು ಹನ್ನೆರಡು ಅನ್ನುತ್ತಾನೆ. ಜೊಂಡಿನ ಪಕ್ಕದಲ್ಲಿದ್ದ ಹನ್ನೆರಡನೆಯದು ಕಲ್ಲು ಅಂತ ನಾನು. ಚೀಟಿಯಲ್ಲಿ ಹನ್ನೆರಡು ಅಂತಲೇ ಬರೆದುಕೊಂಡ. ಮುಂದಿನ ಭಾನುವಾರ ಹೋಗಿ ಆ ಕಲ್ಲು ಅಲ್ಲೇ ಇದೆಯೋ ಇಲ್ಲವೋ ನೋಡುವುದು ಅಂತ ಒಪ್ಪಂದವಾಗಿದೆ.